ಗೂಡು ಯಾವ ಬಾಬ್ತು?

ಮಂಗಳವಾರ ಬೆಳಗಾದರೂ ಗಾಳಿ ಅಲುಗಲಿಲ್ಲ. ರಾತ್ರಿ ನಾಲ್ಕು ಹನಿ ಉದುರಿಸಿದ ಮೋಡ ಕೆಂಗೇರಿಯಿಂದ ಈಚೆಗೆ ಮೈಸೂರು ರಸ್ತೆಯ ಉದ್ದಕ್ಕೂ ಮಡಕೆ ಬೋರಲು ಹಾಕಿದಂತೆ ಕವಿದಿತ್ತು. ಕೆಳಗೆಲ್ಲ ಧಗೆ. ಇಂಥ ಧಗೆಯಲ್ಲಿ ಗೂಡಿನೊಳಗೆ ಮಲಗಿದ ರೇಷ್ಮೆ ಹುಳು ಬೇಗ ಚಿಟ್ಟೆಯಾಗಿ ಏಳುತ್ತದೆ. ಎದ್ದರೆ ಗೂಡಿಗೆ ತೂತು. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು.

ಬೈರಯ್ಯನ ಗಾಡಿಯಲ್ಲಿ ಆರು ಬಿದಿರ ಮಂಕರಿ ತುಂಬ ಗೂಡಿತ್ತು. ಐದು ಮನೆಯವರು ತಿಂಗಳುಗಟ್ಟಲೆ ನಿದ್ದೆಗೆಟ್ಟು, ಸೊಪ್ಪು ಹಾಕಿ ಸಾಕಿದ ಬೆಳೆ. ನಂಬಿ ಅವನ ಕೈಗೆ ಕೊಟ್ಟಿದ್ದರು. ನಿನ್ನೆಯೇ ತರಬೇಕಾಗಿತ್ತು. ಆದರೆ ನಿನ್ನೆ ಸೋಮವಾರ. ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡುವುದು ಅವರ ಊರಲ್ಲಿ ಇಲ್ಲ. ಹುಳು ಗೂಡು ಕಟ್ಟಿದ ಒಂಬತ್ತನೆಯ ದಿನ ದೇವರಿಗೆ ಹೋಯಿತು, ಇವರಿಗೆ ಹತ್ತನೆಯ ದಿನ ಉಳಿಯಿತು. ಮಧ್ಯಾಹ್ನದೊಳಗೆ ರಾಜಾಜಿನಗರದ ನೂಲಿನ ಮನೆ ಸೇರಿ ಗೂಡು ಹಬೆಗೆ ಬಿದ್ದರೆ ಸರಿ, ಇಲ್ಲವಾದರೆ ಐದು ಮನೆಗೂ ಬರಿಗೈ.

ಸುಂಕದ ಕಟ್ಟೆಯಲ್ಲಿ ಗಾಡಿ ನಿಂತಿತು. ಚೀಟಿ ಆಗುವ ಮುನ್ನ ಯಾರೂ ಓಡಿಹೋಗದಿರಲೆಂದು, ಅಲ್ಲಿಯ ವಾಡಿಕೆಯಂತೆ, ಜವಾನ ಉಗ್ರಪ್ಪ ಚಕ್ರ ಕಳಚದಂತೆ ಹಿಡಿಯುವ ಕಡಾಣಿ ಕಿತ್ತು ಗುಮಾಸ್ತರ ಮೇಜಿನ ಮೇಲಿಟ್ಟ.

"ಹಿಂದಿನ ಗುಮಾಸ್ತರು ಕಾಯಿಪಲ್ಲೆ ಅಂತ ಬರ್ಕೊಂಡು ಬಿಡ್ತಿದ್ರು ಸ್ವಾಮಿ," ಎಂದ ಬೈರಯ್ಯ.

"ಅದಕ್ಕೇ ಅವರು ಈಗ ಇಲ್ಲಿಲ್ಲ," ಎಂದರು ಗುಮಾಸ್ತ ಗುರುಬಸಪ್ಪ.

ಹೊಸದಾಗಿ ಅಚ್ಚಾಗಿ ಬಂದ ಸುಂಕದ ಪಟ್ಟಿಯನ್ನು ಬಿಡಿಸಿ ಬೆರಳಿಟ್ಟು ಓದಿದರು. ರೈತರ ಹಸಿ ಬೆಳೆಗೆ ಒಂದು ಬಾಬ್ತು. ಕಚ್ಚಾ ರೇಷ್ಮೆಗೆ ಇನ್ನೊಂದು, ಅದಕ್ಕೆ ದೊಡ್ಡ ಕಚೇರಿಯ ಪರವಾನಗಿ ಬೇಕು. ಜೀವವಿರುವ ಪ್ರಾಣಿಗೆ ಮತ್ತೊಂದು, ತಲೆಗಿಷ್ಟು ಎಂದು. ಗೂಡು ಎಂಬ ಮಾತು ಎಲ್ಲೂ ಇರಲಿಲ್ಲ.

"ತಲೆ ಎಣಿಸ್ತೀರೇನು ಬುದ್ಧಿ?" ಗಾಡಿಯ ಮೇಲಿಂದ ಅಕ್ಕಯ್ಯಮ್ಮ ಕೇಳಿದಳು. ಅವಳು ಬೈರಯ್ಯನ ದೊಡ್ಡಮ್ಮ. ಊರಿನ ಹುಳುವಿನ ಮನೆಗಳಿಗೆಲ್ಲ ಅವಳದೇ ಕೈಗುಣ. "ನಲವತ್ತು ಸಾವಿರ ಅವೆ. ನೀವು ತಲೆ ಎಣಿಸ್ಕಳಿ, ನಾನು ಬಾಲ ಹಿಡ್ಕೊಂಡಿರ್ತೀನಿ."

ಉಗ್ರಪ್ಪ ನಕ್ಕ. ಗುರುಬಸಪ್ಪ ನಗಲಿಲ್ಲ. ಹೋದ ತಿಂಗಳು ತೆಂಗಿನ ನಾರನ್ನು ಹಗ್ಗದ ಬಾಬ್ತಿಗೆ ಸೇರಿಸಿದ್ದಕ್ಕೆ ಅವರಿಗೆ ದೊಡ್ಡ ಕಚೇರಿಯಿಂದ ಎಚ್ಚರಿಕೆಯ ಕಾಗದ ಬಂದಿತ್ತು. ಇನ್ನೊಮ್ಮೆ ತಪ್ಪಿದರೆ ಕೆಲಸವಿಲ್ಲ. ಅವರು ಉಗ್ರಪ್ಪನನ್ನು ಸೈಕಲ್ ಮೇಲೆ ದೊಡ್ಡ ಕಚೇರಿಗೆ ಅಟ್ಟಿದರು.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಬೈರಯ್ಯ ಕೂತ, ಎದ್ದ, ರಸ್ತೆ ನೋಡಿದ, ಮನೆದೇವರಿಗೆ ಮುಡಿಪು ಕಟ್ಟಿದ. ಅಕ್ಕಯ್ಯಮ್ಮ ಸೆರಗಿನಿಂದ ಮಂಕರಿಗಳಿಗೆ ಗಾಳಿ ಬೀಸುತ್ತಿದ್ದಳು. ತಿಂಗಳೆಲ್ಲ ಸರಿಹೊತ್ತಿನಲ್ಲಿ ಎಬ್ಬಿಸಿ ಸೊಪ್ಪು ತಿನ್ನಿಸಿದವಳು ಈಗ, "ಇವತ್ತೊಂದಿನ ಮಲಗ್ರಪ್ಪಾ, ಮಲಗ್ರವ್ವಾ," ಎಂದು ಅಂಗಲಾಚುತ್ತಿದ್ದಳು.

ಕೊನೆಗೆ ಒಂದು ಗೂಡು ತಂದು ಗುಮಾಸ್ತರ ಕಿವಿಗೆ ಹಿಡಿದಳು. ಒಳಗಿಂದ ಸಣ್ಣಗೆ ಕೆರೆಯುವ ಸದ್ದು.

ಗುರುಬಸಪ್ಪ ಕಣ್ಣು ಮುಚ್ಚಿದರು. "ಚೀಟಿ ಬರೆದರೆ ಇವನ್ನ ಬೇಯಿಸ್ತೀರ, ಅಲ್ವೇನಮ್ಮ?"

"ಹೂಂ ಬುದ್ಧಿ. ಆ ಪಾಪ ಸಾಕಿದೋಳ್ದು. ವರ್ಷವೂ ಹೊತ್ತಿದೀನಿ, ಶಿವನ ಮುಂದೆ ನಾನೇ ಹೇಳ್ಕೊತೀನಿ. ನೀವು ಬರೀರಿ."

ಒಂದು ಗಂಟೆಗೆ ಉಗ್ರಪ್ಪ ಬೆವರು ಒರೆಸುತ್ತ ಬಂದ. "ಗೂಡಿನ ನಮೂನೆ ಕಳಿಸಿ, ನಾಡಿದ್ದು ಹೇಳ್ತೀವಿ ಅಂದ್ರು ಸಾರ್."

ಬೈರಯ್ಯ ಅಲ್ಲೇ ಮಣ್ಣಿನಲ್ಲಿ ಕುಸಿದು ಗುಮಾಸ್ತರ ಕಾಲು ಹಿಡಿದ. "ಐದು ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ ಸ್ವಾಮಿ!"

ಆಗಲೇ ಮೊದಲ ಮಂಕರಿಯ ಅಂಚಿಗೆ ಒಂದು ಚಿಟ್ಟೆ ಹತ್ತಿತು. ಬಿಳಿ, ಒದ್ದೆ. ಅದರ ಹಿಂದೆ ಇನ್ನೊಂದು, ಆಮೇಲೆ ಹತ್ತಾರು.

"ಸುಲಭ ಆಯ್ತಲ್ಲ ಸಾರ್!" ಉಗ್ರಪ್ಪ ಪಟ್ಟಿಯ ಕೊನೆಯ ಸಾಲು ತೋರಿಸಿದ. "ಇಲ್ಲಿ ರೇಷ್ಮೆ ಕಸ ಅಂತಿದೆ. ತೂತಾದ ಗೂಡು ಕಸ ತಾನೆ? ಸುಂಕ ಇಲ್ಲ, ಪರವಾನಗಿ ಇಲ್ಲ. ಯಾರೂ ನಿಮ್ಮನ್ನ ಕೇಳಲ್ಲ."

"ಹಂಗೇ ಬರೀರಿ ಸ್ವಾಮಿ," ಬೈರಯ್ಯ ತಲೆಯೆತ್ತಿದ.

"ಸುಮ್ನಿರೋ ಬೈರ!" ಅಕ್ಕಯ್ಯಮ್ಮ ಗದರಿದಳು. "ನೂಲಿನ ಮನೆಯೋನು ಮೊದ್ಲು ನೋಡೋದು ಕಟ್ಟೆ ಚೀಟಿನ. ಕಸ ಅಂತಿದ್ರೆ ಎಲ್ಲಾನೂ ಕಸದ ಗುಡ್ಡೆಗೆ ಸುರೀತಾನೆ. ಹೋಗಿರೋದು ಒಂದು ಮಂಕರಿ ಕಣೋ. ಐದು ಇನ್ನೂ ಗಟ್ಟಿ ಅವೆ." ಆಮೇಲೆ ಗುಮಾಸ್ತರ ಕಡೆ ತಿರುಗಿ ದನಿ ತಗ್ಗಿಸಿದಳು. "ಕಣ್ಣಿಗೆ ಏನು ಕಾಣ್ತದೋ ಅದನ್ನೇ ಬರೀರಿ ಬುದ್ಧಿ."

ಗುರುಬಸಪ್ಪ ಮತ್ತೆ ಪಟ್ಟಿಗೆ ಬೆರಳಿಟ್ಟರು. ಆ ಕೊನೆಯ ಸಾಲಿನಲ್ಲಿ ಅವರ ಕೆಲಸ ಭದ್ರವಾಗಿತ್ತು. ಪಟ್ಟಿ ಮಡಚಿಟ್ಟು ಲೇಖನಿ ತೆಗೆದುಕೊಂಡರು.

"ರೇಷ್ಮೆ ಗೂಡು, ಆರು ಮಂಕರಿ. ಐದು ಗಟ್ಟಿ, ಒಂದು ತೂತು. ಒಳಗಿನ ಹುಳು ಜೀವಂತ. ನೂಲು ಬಿಚ್ಚುವವರೆಗೆ ಇದು ರೇಷ್ಮೆಯಲ್ಲ. ಆದ್ದರಿಂದ ರೈತರ ಹಸಿ ಬೆಳೆ. ಇದು ನನ್ನ ತೀರ್ಮಾನ."

ಕೆಳಗೆ ಪೂರ್ತಿ ಹೆಸರು ಬರೆದರು. ಕೊನೆಯ ಅಕ್ಷರ ಗೆರೆ ದಾಟಿತು. ಇನ್ನೊಂದು ಕಾಗದ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಎರಡನೆಯ ಮಂಕರಿಯಲ್ಲೂ ಕೆರೆಯುವ ಸದ್ದು ಎದ್ದಿತ್ತು. ಬೈರಯ್ಯ ಎತ್ತು ಹೂಡಲು ಓಡಿದ. ಕಡಾಣಿಗೆ ಉಗ್ರಪ್ಪ ಕೈ ಚಾಚುವ ಮೊದಲೇ ಗುರುಬಸಪ್ಪ ಅದನ್ನೆತ್ತಿ, ಪಂಚೆಯ ಚುಂಗಿನಿಂದ ಒರೆಸಿ, ರಸ್ತೆಗಿಳಿದು ಬಂದು, ಬೈರಯ್ಯನ ಅಂಗೈಯಲ್ಲಿಟ್ಟರು.