ಮುಚ್ಚಳ ತೆಗೆದಷ್ಟು ಹೊತ್ತು

ಪಟದಲ್ಲಿ ವಿರುಪಮ್ಮನ ಎದೆಯನ್ನು ಹಾದು ಹಿಂದಿನ ಕುರ್ಚಿಯ ಬೆತ್ತದ ಹೆಣಿಗೆ ಕಾಣುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಪಂಪಣ್ಣ, ಮೀಸೆಯ ಕೂದಲನ್ನು ಬೇಕಾದರೆ ಒಂದೊಂದಾಗಿ ಎಣಿಸಿಕೊಳ್ಳಿ ಎನ್ನುವಷ್ಟು ಸ್ಪಷ್ಟವಾಗಿ ಕೂತಿದ್ದ. ಇವಳು ಮಾತ್ರ ಒಲೆಯ ಹೊಗೆಗೆ ಸೀರೆ ಉಡಿಸಿದಂತಿದ್ದಳು. ಮುಖ ಇರಬೇಕಾದ ಕಡೆ ಒಂದರ ಮೇಲೊಂದು ಎರಡು ಮುಖ ಕಲಸಿಕೊಂಡು, ಕಣ್ಣು ಯಾವುದು ಹುಬ್ಬು ಯಾವುದು ಒಂದೂ ತಿಳಿಯುವಂತಿರಲಿಲ್ಲ.

ಅತ್ತೆ ಭೀಮಮ್ಮ ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ ತಕ್ಷಣ ಮಗುಚಿ ಹಾಕಿದಳು. "ಬಸುರಿ ಹೆಣ್ಮಗಳನ್ನ ಹಿಂಗ ತೆಗಿತಾರನು? ಇದನ್ನ ಮನಿಯಾಗ ಇಡಬ್ಯಾಡ್ರಿ."

"ಆ ಹೊನ್ನೂರಪ್ಪಗ ಕಣ್ಣು ಮಂಜಾಗ್ಯಾವ," ಎಂದ ಮಾವ ಜಂಬಪ್ಪ. "ನಾಳೆ ಹೆಂಗೂ ಸೊಸಿನ್ನ ಹೆರಿಗಿಗೆ ಬಿಡಾಕ ಕಂಪ್ಲಿ ಹಾದು ಕುರೆಕುಪ್ಪಕ್ಕ ಹೋಗಾದೈತಿ. ಇನ್ನೊಂದು ತೆಗಿ ಅಂತೀನಿ. ಅವನ ತಪ್ಪು, ಅವನಾ ತಿದ್ದಬೇಕು."

ತಪ್ಪು ಯಾರದೆಂದು ವಿರುಪಮ್ಮನಿಗೆ ಗೊತ್ತಿತ್ತು. ಒಳಗೆ ಹೋಗಿ, ತಿರುವಿದ ಸಾರನ್ನೇ ಮತ್ತೆ ತಿರುವುತ್ತ ನಿಂತಳು.

ಮದುವೆಯಾಗಿ ಬಂದ ಮೇಲೆ ಅವಳು ಗಂಡನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕಾಲುವೆ ನೀರು ಬಂದು ಎರಡೆರಡು ಭತ್ತದ ಬೆಳೆ ತೆಗೆಯುವ ಮನೆ ಅದು. ಕೇಳಿದ್ದರೆ ಬೆಂಡೋಲೆ ಸಿಗುತ್ತಿತ್ತು, ರೇಷ್ಮೆ ಸೀರೆ ಸಿಗುತ್ತಿತ್ತು. ಅವಳು "ಒಂದು ಪಟ ತೆಗಿಸೋಣ್ರಿ" ಅಂದಳು. ಯಾಕೆ ಅನ್ನುವುದನ್ನು ಹೇಳಲಿಲ್ಲ. ಅವಳನ್ನು ಹೆತ್ತ ಬಾಣಂತನದಲ್ಲೇ ಅವಳ ತಾಯಿ ತೀರಿಕೊಂಡಿದ್ದಳು. ಅವ್ವ ಹೇಗಿದ್ದಳೆಂದು ಕೇಳಿದರೆ ಕುರೆಕುಪ್ಪದ ಅಜ್ಜಿ "ಥೇಟ್ ನಿನ್ನಂಗಾ" ಅನ್ನುವಳು. ಚಿಕ್ಕಮ್ಮ "ಇಲ್ಲಬಿಡು, ಆಕಿ ಮಾರಿ ದುಂಡಗಿತ್ತು" ಅನ್ನುವಳು. ಇಬ್ಬರ ಮಾತನ್ನೂ ಕೂಡಿಸಿ ವಿರುಪಮ್ಮ ಎಷ್ಟೋ ಸಲ ಒಂದು ಮುಖ ಕಟ್ಟಿಕೊಳ್ಳಲು ನೋಡಿದ್ದಳು, ಆಗಿರಲಿಲ್ಲ. ಈಗ ಅವಳಿಗೇ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ಅದೇ ಅಜ್ಜಿಯ ಮನೆಗೆ ಹೊರಡುವ ಮೊದಲು ತನ್ನದೊಂದು ಮುಖ ಈ ಮನೆಯಲ್ಲಿ ಇಟ್ಟು ಹೋಗಬೇಕು ಎನ್ನುವುದು ಅವಳ ಆಸೆ. ಹಾಗೆಂದರೆ ಅಪಶಕುನ ನುಡಿದಳೆಂದು ಬಯ್ಯುತ್ತಾರೆ.

ಮೊದಲ ಸಲ ಹೋದಾಗ ಕಂಪ್ಲಿಯಲ್ಲಿ ಕರೆಂಟಿರಲಿಲ್ಲ. ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಆ ಸ್ಟುಡಿಯೋದಲ್ಲಿ ಹೊನ್ನೂರಪ್ಪನದು ಅವನಪ್ಪನ ಕಾಲದ ಮರದ ಕ್ಯಾಮೆರಾ. ಮೇಲೆ ಗಾಜಿನ ಹೆಂಚಿನಿಂದ ಬೀಳುವ ಬೆಳಕಿನ ಕೆಳಗೆ ಇಬ್ಬರನ್ನೂ ಕೂರಿಸಿ, "ಬೆಳಕು ಕಮ್ಮಿ ಐತಿ. ನಾ ಮುಚ್ಚಳ ತೆಗೆದು ತಿರುಗಿ ಹಾಕಾ ತನಕ ಅಲ್ಲಾಡಬ್ಯಾಡ್ರಿ. ಅಲ್ಲಾಡಿದ್ರ ಅಳಿಸಿಹೋಗ್ತೀರಿ," ಎಂದಿದ್ದ. ಕ್ಯಾಮೆರಾದ ಗಾಜಿನ ಕಣ್ಣಿನ ಮೇಲಿನ ಮುಚ್ಚಳ ತೆಗೆದು ತುಟಿಯಲ್ಲೇ ಎಣಿಸತೊಡಗಿದ್ದ. ಅಷ್ಟರಲ್ಲಿ ಜೊತೆಗೆ ಬಂದು ಹೊರಗೆ ನಿಂತಿದ್ದ ಜಂಬಪ್ಪ ಕೆಮ್ಮಿದ.

ಅವರ ಮನೆಯಲ್ಲಿ ಮಾವ ಹೊಸ್ತಿಲಾಚೆ ಕೆಮ್ಮಿದನೆಂದರೆ ಒಳಗೆ ಕೂತ ಸೊಸೆ ಏಳಬೇಕು, ತಲೆಯ ಮೇಲೆ ಸೆರಗು ಬರಬೇಕು. ಜಂಬಪ್ಪ ಕೆಟ್ಟವನಲ್ಲ. ಕೆಮ್ಮಿ ಒಳಗೆ ಬರುವುದು ಅವನ ಮರ್ಯಾದೆ, ಏಳುವುದು ಇವಳ ಮರ್ಯಾದೆ, ಅಷ್ಟೇ. ವಿರುಪಮ್ಮನ ತಲೆಗೆ ವಿಷಯ ಹೋಗುವ ಮೊದಲೇ ಕಾಲಿಗೆ ಹೋಗಿತ್ತು. ಅರ್ಧ ಎದ್ದಳು, ನೆನಪಾಗಿ ಮತ್ತೆ ಕೂತಳು. ಹೊನ್ನೂರಪ್ಪ ಎಣಿಕೆ ಮುಗಿಸಿ ಮುಚ್ಚಳ ಹಾಕಿಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪಟ ಮನೆಗೆ ಬಂದ ಮರುದಿನ, ಕುರೆಕುಪ್ಪಕ್ಕೆ ಹೋಗುವ ದಾರಿಯಲ್ಲಿ, ಮೂವರೂ ಮತ್ತೆ ಸ್ಟುಡಿಯೋಕ್ಕೆ ಬಂದರು. ಅವತ್ತೂ ಕರೆಂಟಿರಲಿಲ್ಲ. ಜಂಬಪ್ಪ ಪಟವನ್ನು ಮೇಜಿನ ಮೇಲಿಟ್ಟ.

"ಏನಪಾ ಹೊನ್ನೂರಪ್ಪ, ನನ್ನ ಸೊಸಿ ಎಲ್ಲಿ ಇದರಾಗ?"

ಹೊನ್ನೂರಪ್ಪ ಪಟ ನೋಡಿದ, ವಿರುಪಮ್ಮನನ್ನು ನೋಡಿದ, ಗೋಡೆ ನೋಡಿದ. "ಇನ್ನೊಂದು ತೆಗಿತೀನ್ರಿ ಯಜಮಾನ್ರ," ಎಂದ.

ಪಾಪ, ತನ್ನ ತಪ್ಪಿಗೆ ಆ ಮನುಷ್ಯ ಬೈಸಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ನಾಚಿಕೆಯಾಯಿತು. ಗಂಡನ ಕಡೆ ತಿರುಗಿ, ಮಾವನಿಗೂ ಕೇಳುವಂತೆ, "ಅವರದೇನೂ ತಪ್ಪಿಲ್ರಿ. ಮಾವ ಕೆಮ್ಮಿದ್ರು, ನಾ ಎದ್ದೆ," ಎಂದಳು.

ಜಂಬಪ್ಪ ಮೀಸೆ ಒರೆಸಿಕೊಂಡ. "ಹಂಗನು? ಇಷ್ಟಾ ಆಗಿದ್ರ ಆವಾಗಾ ಹೇಳಬಾರದಾ? ನಾ ಹೊರಗ ಇರತೀನಿ ತಗೊ. ಕೆಮ್ಮಂಗಿಲ್ಲ." ಅವನು ಹೊರಗೆ ಹೋದ.

ಇಬ್ಬರೂ ಕೂತರು. ಹೊನ್ನೂರಪ್ಪ ಕರಿಬಟ್ಟೆಯೊಳಗೆ ತಲೆ ಹಾಕಿ ತೆಗೆದು ಮುಚ್ಚಳಕ್ಕೆ ಕೈ ಇಟ್ಟ. ಹೊರಗೆ ಕೆಮ್ಮು ಇರಲಿಲ್ಲ, ಆದರೆ ಚಪ್ಪಲಿಯ ಸಪ್ಪಳ ಕೇಳುತ್ತಿತ್ತು. ಅದು ಬಾಗಿಲ ಕಡೆ ಬಂತು, ಆ ಕಡೆ ಹೋಯಿತು, ಮತ್ತೆ ಬಂತು. ಅದು ಬಂದಾಗಲೆಲ್ಲ ಅವಳ ತೊಡೆಯ ನರ ಬಿಗಿಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದಲ್ಲ, ಆದರೂ ಹೋಗುವಂತಿರಲಿಲ್ಲ. ಈ ಸಲವೂ ಮುಖ ಹೊಗೆಯಾಗುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು.

"ತಡೀರಿ," ಎಂದಳು. "ಮಾವನ್ನ ಒಳಗ ಕರೀರಿ."

ಪಂಪಣ್ಣ ಕರೆದ. ಜಂಬಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಅವಳು ಎದ್ದು, ಮೊಟ್ಟಮೊದಲ ಸಲ ನೇರವಾಗಿ ಅವನಿಗೇ ಹೇಳಿದಳು.

"ಮಾವಾ, ನೀವು ಹೊರಗಿದ್ರ ನನ್ನ ಕಿವಿ ಹೊರಗಾ ಇರತೈತ್ರಿ. ಇಲ್ಲಿ ಕ್ಯಾಮೆರಾ ಬಾಜೂಕ ಬಂದು ನಿಂದ್ರರಿ. ನಾ ನಿಮ್ಮ ಎದುರಿಗೇ ಕುಂದುರ್ತೀನಿ."

ಪಂಪಣ್ಣ ತನ್ನ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಜಂಬಪ್ಪನಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ನನ್ನ ಎದುರಿಗಾ? ಅಂಥಾದ್ದೇನೈತವ್ವ ಒಂದು ಪಟದಾಗ?"

"ನಮ್ಮವ್ವನ ಮಾರಿ ನಾ ನೋಡಿಲ್ರಿ. ಆಕಿದೊಂದು ಪಟ ಇಲ್ಲ. ನನ್ನ ಕೂಸಿಗೆ ಹಂಗಾಗಬಾರದು."

ಅಪಶಕುನ ಎಂದು ಯಾರೂ ಬಯ್ಯಲಿಲ್ಲ. ಜಂಬಪ್ಪ ಚಪ್ಪಲಿಯನ್ನು ಹೊಸ್ತಿಲಲ್ಲಿ ಬಿಟ್ಟು ಬಂದು ಕ್ಯಾಮೆರಾದ ಪಕ್ಕ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಕಟ್ಟಿದ, ಹಿಂದೆ ಕಟ್ಟಿದ, ಕೊನೆಗೆ ಇಳಿಬಿಟ್ಟ. "ಕುಂದ್ರು," ಎಂದ.

ಅವಳು ಕೂತಳು. ಹೊನ್ನೂರಪ್ಪ ಮುಚ್ಚಳ ತೆಗೆದ.

ಕೂರುವುದು ಇಷ್ಟು ದೊಡ್ಡ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ಎದುರಿಗೆ ಗಾಜಿನ ಕಣ್ಣು, ಅದರ ಪಕ್ಕ ಮಾವನ ಮುಖ. ಇಷ್ಟು ದಿನ ಅವಳು ನೋಡಿದ್ದು ಅವನ ಪಾದಗಳನ್ನು. ಮುಖವನ್ನು ಈಗ ನೋಡಿದಳು: ಮೂಗಿನ ಪಕ್ಕ ಒಂದು ನರಹುಲಿ, ಗಲ್ಲದ ಮೇಲೆ ಕ್ಷೌರದವನು ಬಿಟ್ಟ ನಾಲ್ಕು ಬಿಳಿಗೂದಲು. ಹೆದರಿಕೆಯೂ ಆಯಿತು, ಖುಷಿಯೂ ಆಯಿತು. ಹೊಟ್ಟೆಯಲ್ಲಿ ಕೂಸು ಒದೆಯಿತು; ಅವಳು ಅಲ್ಲಾಡಲಿಲ್ಲ. ಯಾರೂ ಹೇಳದಿದ್ದರೂ ಜಂಬಪ್ಪ ಸಹ ಉಸಿರು ಬಿಗಿಹಿಡಿದು, ಪಟ ತನ್ನದೇ ಎನ್ನುವಂತೆ ನೆಟ್ಟಗೆ ನಿಂತಿದ್ದ.

ಹೊನ್ನೂರಪ್ಪ ಮುಚ್ಚಳ ಹಾಕಿದ. "ಆತ್ರಿ. ಏಳ್ರಿ."

ಪಂಪಣ್ಣ ಎದ್ದು ಬಸ್ಸು ನೋಡಿಕೊಂಡು ಬರುತ್ತೇನೆಂದು ಹೊರಟ. ವಿರುಪಮ್ಮ ಕುರ್ಚಿಯ ಕೈಗೆ ಭಾರ ಕೊಟ್ಟು ಏಳಹೋದಳು.

"ಕುಂತಿರವ್ವ," ಎಂದ ಜಂಬಪ್ಪ. "ಬಸ್ಸಿಗೆ ಇನ್ನಾ ಭಾಳ ಹೊತ್ತೈತಿ."

ಅವನು ಸುತ್ತ ನೋಡಿ, ಮಗ ಬಿಟ್ಟ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡು ತಾನೂ ಕೂತ. ಹೊನ್ನೂರಪ್ಪ ಕತ್ತಲೆಕೋಣೆಗೆ ಹೋಗಿದ್ದ. ಗಾಜಿನ ಹೆಂಚಿನ ಬೆಳಕಿನಲ್ಲಿ ಮಾವ ಸೊಸೆ ಇಬ್ಬರೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಿದ ಕ್ಯಾಮೆರಾದ ಕಡೆ ನೋಡುತ್ತ ಕೂತಿದ್ದರು.