ಮೊಲಕ್ಕೊಂದು ಬಂದೂಕು

"ಒಂದೇ ಗುಂಡಿಗೆ ಒಂಬತ್ತು ಮೊಲ ಉರುಳಿಸಿದೀನಿ. ಗುಂಡು ಆರೋದ್ರೊಳಗೆ ಹೆಕ್ಕಿ ಜೇಬಿಗೆ ಹಾಕ್ಕೊಂಡೆ, ಮಾರನೇ ದಿನಕ್ಕೂ ಅದೇ ಆಯ್ತು" ಎಂದೆ.

ಬಂದೂಕಿನಂಗಡಿಯವರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ನನ್ನನ್ನು ನೋಡಿದರು. "ಹಾಗಾದ್ರೆ ನಿಮ್ಮಂಥೋರು ನನ್ನ ಅಂಗಡಿಗೆ ಬರಬಾರದು ಸಾರ್. ಗುಂಡಿನ ವ್ಯಾಪಾರವೇ ನಿಂತೋಗುತ್ತೆ."

ನಾನು ಅಕ್ಕನ ಕಡೆ ತಿರುಗಿದೆ. ಅವಳು ನಗಲಿಲ್ಲ. ಯಾರೋ ತಂದಿಟ್ಟು ಮರೆತುಹೋದ ಸಾಮಾನಿನ ಹಾಗೆ ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಭಾವ ಹೋದ ಮೇಲೆ ಅವಳು ಹೀಗೇ. ಅತ್ತದ್ದೂ ಇಲ್ಲ. ಬಡಿಸಿದರೆ ತಿನ್ನುತ್ತಾಳೆ, ಕರೆದರೆ ಬರುತ್ತಾಳೆ. ಅವಳನ್ನು ಒಂದು ಸಲ ನಗಿಸಲು ನಾನು ಹೇಳಿದ ಕಥೆಗಳನ್ನು ಪೇರಿಸಿದ್ದರೆ ಚಂದ್ರನವರೆಗೆ ಮೆಟ್ಟಿಲಾಗುತ್ತಿತ್ತು. ಕೈಹಿಡಿ ಕಂಬಿಗೂ ಒಂದಷ್ಟು ಮಿಗುತ್ತಿತ್ತು.

ಅಕ್ಕನದು ಕಸಿ ಗಿಡಗಳ ನರ್ಸರಿ. ಕಸಿ ಕಟ್ಟುತ್ತಿದ್ದವರು ಭಾವ, ಮೇಣ ಸವರುತ್ತಿದ್ದವಳು ಅಕ್ಕ. ಕಾಯಿಲೆ ಬೀಳುವ ಮೊದಲು ಅವರು ಕಟ್ಟಿದ ಕೊನೆಯ ಸಾಲುಗಳಿಗೆ ಈಗ ಮೊಲದ ಕಾಟ. ಇಡೀ ಗಿಡವನ್ನಾದರೂ ತಿನ್ನುತ್ತವೆಯೇ, ಅದೂ ಇಲ್ಲ. ಬೆಸೆದ ಜಾಗದಲ್ಲೇ ಸುತ್ತಲೂ ತೊಗಟೆ ಕೆರೆದು ಹೋಗುತ್ತವೆ, ಗಿಡ ನಿಂತಲ್ಲೇ ಒಣಗುತ್ತದೆ. ಬೇಲಿ ಹಾಕಿದರೆ ಅಡಿಯಿಂದ ತೋಡಿಕೊಂಡು ಬಂದವು. ವಿಷ ಇಡೋಣವೆಂದರೆ ಅದೇ ಸಾಲಿನಲ್ಲಿ ನಾಯಿ ಮಲಗುತ್ತದೆ. "ಬಂದೂಕು ತರೋಣ, ಹೊಡೆಯೋಕೆ ನಾನಿಲ್ವಾ" ಎಂದು ಎದೆ ತಟ್ಟಿಕೊಂಡಿದ್ದೆ. ಪರವಾನಗಿ ಇಬ್ಬರ ಹೆಸರಿಗೂ ಆಯಿತು.

ಗಾಜಿನ ಕಪಾಟಿನಲ್ಲಿದ್ದ ಎಲ್ಲಕ್ಕಿಂತ ಉದ್ದನೆಯದನ್ನು ತೋರಿಸಿದೆ. "ಅದು ಕೊಡಿ. ಅದಕ್ಕಿಂತ ಚಿಕ್ಕದು ನನ್ನ ಕೈಗೆ ಹಲ್ಲುಜ್ಜೋ ಬ್ರಶ್ಶಿನ ಹಾಗಿರುತ್ತೆ."

"ಅದ್ರಲ್ಲಿ ಹೊಡೆದ್ರೆ ಮೊಲದ ವಿಳಾಸವೂ ಸಿಗಲ್ಲ" ಎಂದು ಅಂಗಡಿಯವರು ಕೆಳಗಿನ ಖಾನೆಯಿಂದ ಗಿಡ್ಡನೆಯದೊಂದನ್ನು ತೆಗೆದರು. ಅದರ ಬೋಲ್ಟ್ ಎಳೆದು, ಗುಂಡು ಕೂರುವ ಜಾಗದಲ್ಲಿ ಬೆರಳಾಡಿಸಿ, ಖಾಲಿಯಿರುವುದನ್ನು ನನಗೂ ಅಕ್ಕನಿಗೂ ತೋರಿಸಿದರು. "ಪಾಯಿಂಟ್ ಟೂ ಟೂ, ಸಣ್ಣ ಗುಂಡಿಂದು. ನಳಿಗೆ ಚಿಕ್ಕದು, ಸಾಲುಗಳ ನಡುವೆ ಗಿಡಕ್ಕೆ ತಾಗದ ಹಾಗೆ ತಿರುಗಿಸಬಹುದು. ಭುಜಕ್ಕೆ ಒದೆಯಲ್ಲ, ಸದ್ದೂ ಕಮ್ಮಿ. ಅಮ್ಮ, ಮೊಲ ಬರೋ ಜಾಗದ ಹಿಂದೆ ಏನಿದೆ?"

ಅಂಗಡಿಗೆ ಬಂದ ಮೇಲೆ ಅಕ್ಕ ಮೊದಲ ಸಲ ಬಾಯಿಬಿಟ್ಟಳು. "ಒಂದು ಕಡೆ ಮಣ್ಣಿನ ದಿಬ್ಬ. ಇನ್ನೊಂದು ಕಡೆ ಹಾಲಿನವರ ಕೊಟ್ಟಿಗೆ. ಅವರ ಸೊಸೆ ಸಾಯಂಕಾಲ ಅಲ್ಲೇ ಇರ್ತಾಳೆ. ಬಸುರಿ."

"ಹಾಗಾದ್ರೆ ದಿಬ್ಬದ ಕಡೆಗೆ ಮಾತ್ರ ಹೊಡೀಬೇಕು. ಗುಂಡು ಚಿಕ್ಕದು ಅಂತ ಮೊಲದ ಹತ್ರ ನಿಂತ್ಕೊಳ್ಳಲ್ಲ. ತಪ್ಪಿದ್ರೆ ಕೊಟ್ಟಿಗೆ ದಾಟಿ ಹೋಗುತ್ತೆ. ಹೊಡೆಯೋರು ಯಾರು?"

"ಇನ್ಯಾರು, ನಾನೇ."

ಆ ಅಂಗಡಿಯಲ್ಲೊಂದು ಪದ್ಧತಿ. ಕೊಳ್ಳುವವರು ಖಾಲಿ ಬಂದೂಕನ್ನು ಭುಜಕ್ಕಾನಿಸಿ, ಮೇಲಿನ ದುರ್ಬೀನಿನಲ್ಲಿ ಹಜಾರದ ಕೊನೆಯ ಗೋಡೆಗೆ ಸಿಕ್ಕಿಸಿದ ಕಾರ್ಡನ್ನು ನೋಡಿ, ಅದರಲ್ಲೇನಿದೆ ಎಂದು ಹೇಳಬೇಕು. ಬಂದವರಿಗೆಲ್ಲ ಬೇರೆ ಬೇರೆ ಕಾರ್ಡು. ನಾನು ಕಾಲಗಲಿಸಿ ನಿಂತು, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ದುರ್ಬೀನಿಗೆ ಕೊಟ್ಟೆ.

"ಕಾಣ್ತಾ ಸಾರ್?"

"ಕಾಣೋದೇನು, ಮೊಲದ ಮೀಸೆ ಎಣಿಸ್ತಾ ಇದೀನಿ. ಎಡಗಡೆ ಒಂದೆಳೆ ನರೆತಿದೆ."

ಅಂಗಡಿಯವರು ಕೆಮ್ಮಿದರು. ಮೆಚ್ಚಿರಬೇಕೆಂದುಕೊಂಡೆ. "ಕಿವಿ ಹಿಂದೆ ಉಣ್ಣಿ ಕೂತಿದೆ. ಪಾಪದ್ದು, ಬಾಣಂತಿ ಉಣ್ಣಿ."

ಆಗ ಮೇಣದ ವಾಸನೆ ಬಂತು. ಕಸಿಗೆ ಸವರುವ ಮೇಣ. ಮೂಗಿಗೆ ತೀರಾ ಹತ್ತಿರ. ಎಡಗಣ್ಣು ತೆರೆದೆ. ಅಕ್ಕ ಯಾವಾಗಲೋ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದಳು. ಅವಳ ಅಂಗೈ ದುರ್ಬೀನಿನ ಮುಂದಿನ ಗಾಜನ್ನು ಪೂರ್ತಿ ಮುಚ್ಚಿತ್ತು.

"ಯಾವಾಗಿಂದ?" ಎಂದಳು.

"ಏನು ಯಾವಾಗಿಂದ?"

"ಲೋ."

ಬಂದೂಕನ್ನು ಮೇಜಿನ ಮೇಲಿಟ್ಟೆ. "ಭಾವ ಆಸ್ಪತ್ರೇಲಿದ್ದಾಗ. ಕಣ್ಣಿನ ಡಾಕ್ಟ್ರು ಕೆಳಗಡೆನೇ ಇದ್ರಲ್ಲ, ತೋರಿಸಿದೆ. ಬಲಗಣ್ಣಿನ ನೋಟ ಇನ್ನು ಬರಲ್ಲ ಅಂದ್ರು. ಹೇಳೋಣ ಅಂತ ಮೇಲೆ ಬಂದೆ. ನೀನು ಅವರ ಕಾಲು ಒತ್ತುತ್ತಾ ಕೂತಿದ್ದೆ."

ಅಂಗಡಿಯವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. "ಮತ್ತೆ ಆ ಒಂಬತ್ತು ಮೊಲ?"

"ಬಂದೂಕು ಮುಟ್ಟಿದ್ದೇ ಇವತ್ತು."

ಅಕ್ಕ ಬಂದೂಕನ್ನೆತ್ತಿ, ಅಂಗಡಿಯವರು ಮಾಡಿದ್ದಂತೆಯೇ ಬೋಲ್ಟ್ ಎಳೆದು ಒಳಗೆ ಬೆರಳಾಡಿಸಿ ನೋಡಿದಳು. ಬಂದೂಕಿನ ಮರದ ಬುಡ ಅವಳ ಭುಜಕ್ಕೆ ಉದ್ದವಾಯಿತು. ಅಂಗಡಿಯವರು ಒಳಗಿನಿಂದ ಅದೇ ಮಾದರಿಯದು, ಬುಡ ಇನ್ನಷ್ಟು ಗಿಡ್ಡದ್ದು, ತಂದುಕೊಟ್ಟರು. ಅದು ಸರಿಯಾಗಿ ಕೂತಿತು. ಆದರೆ ಅಕ್ಕನಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ. ಒಂದನ್ನು ಮುಚ್ಚಿದರೆ ಇನ್ನೊಂದೂ ಮುಚ್ಚಿಕೊಳ್ಳುತ್ತದೆ.

"ಎರಡೂ ತೆಗೆದೇ ನೋಡಿ ಅಮ್ಮ. ಅಭ್ಯಾಸ ಆಗುತ್ತೆ" ಎಂದರು ಅಂಗಡಿಯವರು.

"ಇವತ್ತಿಗೆ ನೀನು ಮುಚ್ಚು" ಎಂದಳು ನನಗೆ.

ಹಿಂದೆ ನಿಂತು ಅವಳ ಎಡಗಣ್ಣಿನ ಮೇಲೆ ಕೈಯಿಟ್ಟೆ. ನಳಿಗೆಯ ತುದಿ ಸ್ವಲ್ಪ ಅಲುಗಿ ನಿಂತಿತು.

"ಠ. ಅದರ ಕೆಳಗೆ ಚಿಕ್ಕದಾಗಿ ಏಳು" ಎಂದಳು.

"ಸರಿ ಅಮ್ಮ."

ಅಕ್ಕ ಬಂದೂಕು ಇಳಿಸಲಿಲ್ಲ. ಬೆರಳು ಟ್ರಿಗರಿನಿಂದ ದೂರ, ಮರದ ಮೇಲೆ ನೆಟ್ಟಗಿತ್ತು. ಗೋಡೆಯನ್ನೇ ನೋಡುತ್ತಾ ಕೇಳಿದಳು, "ಆ ಕಣ್ಣಲ್ಲಿ ಏನು ಕಾಣುತ್ತೆ ನಿಂಗೆ?"

ಹೇಳಲು ನನ್ನ ಹತ್ತಿರ ಮೂರು ಲೋಕಕ್ಕಾಗುವಷ್ಟು ಕಥೆಗಳಿದ್ದವು. ಅಂಗೈಯೊಳಗೆ ಅವಳ ರೆಪ್ಪೆ ಬಡಿಯಿತು, ನಿಂತಿತು, ಮತ್ತೆ ಬಡಿಯಿತು.

"ಬೂದಿ ಬಣ್ಣ ಅಕ್ಕ. ಅಷ್ಟೇ."