ಕೊನೆಗೆ ಬಂದವರು ಯಾರು?

ಹೊಳೆ ಕಡಲಿಗೆ ಸೇರುವಲ್ಲಿ ಒಂದು ಪುಟ್ಟ ಪೇಟೆಯಿತ್ತು. ಹೆಸರು ಹೇಳಿದರೆ ಪಕ್ಕದ ಊರಿನವರು ಮುನಿಸಿಕೊಳ್ಳುತ್ತಾರೆ, ಆದ್ದರಿಂದ ಬೇಡ. ಅಲ್ಲಿ ಏಡಿ, ನೀರುನಾಯಿ, ಕಾಗೆ, ಬೆಕ್ಕು, ಆಮೆ ಎಲ್ಲ ಒಟ್ಟಿಗೆ ಬಾಳುತ್ತಿದ್ದವು. ಒಟ್ಟಿಗೆ ಎಂದರೆ ಜಗಳವಾಡುತ್ತ. ಕಾಗೆಯ ಬೆಳಗಿನ ಹಾಡು ಬೆಕ್ಕಿಗೆ ಆಗದು, ಬೆಕ್ಕಿನ ಒಗ್ಗರಣೆಯ ಘಾಟು ಆಮೆಗೆ ಆಗದು. ವಾದದಲ್ಲಿ ಸೋಲೊಪ್ಪಿಕೊಳ್ಳುವವರು ಆ ಊರಲ್ಲಿ ಹುಟ್ಟಿಯೇ ಇರಲಿಲ್ಲ. ಆದರೆ "ಮೀನು ಬಂತು!" ಎಂಬ ಕೂಗು ಕೇಳಿದರೆ ಸಾಕು, ಜಗಳ ಅಲ್ಲಿಗೇ ಬಿಟ್ಟು ಊರಿಗೆ ಊರೇ ದಡಕ್ಕೆ ಓಡಿ ಬಲೆಯ ಹಗ್ಗ ಹಿಡಿಯುತ್ತಿತ್ತು. ಹಗ್ಗ ಹಿಡಿದವರಿಗೆಲ್ಲ ಪಾಲು, ಅದೇ ಅಲ್ಲಿಯ ಕಟ್ಟಳೆ.

ಆ ಊರಿಗೆ ಕೊನೆಗೆ ಬಂದದ್ದು ಒಂದು ಆಡು. ಕಳೆದ ಮಳೆಗಾಲದಲ್ಲಿ ಮುರಿದ ದೋಣಿಯ ಹಲಗೆಯೊಂದನ್ನು ಅವುಚಿಕೊಂಡು ತೇಲಿ ಬಂದಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಈ ಆಡು ಮೀನನ್ನು ಮಾತ್ರ ಮೂಸುತ್ತಲೂ ಇರಲಿಲ್ಲ. ಆದರೂ ಹಗ್ಗ ಎಳೆಯುವುದೆಂದರೆ ಅದಕ್ಕೆ ಪಂಚಪ್ರಾಣ. ತನ್ನ ಪಾಲನ್ನು ಬೆಕ್ಕಿಗೆ ಕೊಟ್ಟು, ಬೆಕ್ಕಿನ ಹಿತ್ತಿಲ ಬಸಳೆ ಮೇಯುತ್ತಿತ್ತು. ಇಂಥ ಊರು ಇನ್ನೊಂದು ಸಿಗದೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ರಾಜಧಾನಿಯಿಂದ ಕೊಕ್ಕರೆ ಬಂತು. ಬಂಡೆಯ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲಲ್ಲಿ ಓಲೆ ಹಿಡಿದು ಓದಿತು: "ಹೊರಗಿನವರು ಇಲ್ಲಿಯ ಪಾಲನ್ನು ಕಬಳಿಸುತ್ತಿರುವುದು ಪ್ರಭುಗಳ ಗಮನಕ್ಕೆ ಬಂದಿದೆ. ಊರಿಗೆ ಕೊನೆಗೆ ಬಂದವರು ಇಂದಿನ ಉಬ್ಬರ ಇಳಿಯುವ ಮೊದಲು ಜಾಗ ಖಾಲಿ ಮಾಡತಕ್ಕದ್ದು. ಯಾರದು?"

ಆಡು ಹೆದರಿತು. ತಲೆ ತಗ್ಗಿಸಿ ಮುಂದೆ ಹೆಜ್ಜೆಯಿಡುವಷ್ಟರಲ್ಲಿ ಏಡಿ ಅಡ್ಡ ಬಂತು.

"ನಾನು. ನಿನ್ನೆಯ ಉಬ್ಬರಕ್ಕೆ ಬಂದದ್ದು."

"ಎಂಥ ನಿನ್ನೆ?" ಎಂದಿತು ಕಾಗೆ. "ನಾನು ಇವತ್ತು ಬೆಳಿಗ್ಗೆ ಬಂದದ್ದು, ಅತ್ತೆ ಮನೆಯಿಂದ."

"ನಾನು ಇನ್ನೂ ಬರ್ತಾ ಇದ್ದೇನೆ ಮಾರಾಯ್ರೆ!" ಎಂದು ದೂರದಿಂದ ಆಮೆ ಕೂಗಿತು.

ಆಡಿನ ಮೇಲಿನ ಪ್ರೀತಿಯೋ, ಹಳೆಯ ಚಟವೋ, ಅಂತೂ ಜಗಳ ಕಾವೇರಿತು. ಅಲ್ಲಿಯವರೆಗೆ ತಾವೇ ಮೊದಲು ಬಂದವರೆಂದು ಕಿತ್ತಾಡಿದವರು ಈಗ ತಾವೇ ಕೊನೆಯವರೆಂದು ಕಿತ್ತಾಡಿದರು. ಆಡಿಗೆ ಕಣ್ಣೀರು ಬಂತು, ನಗುವೂ ಬಂತು.

ಅಷ್ಟರಲ್ಲಿ ನೀರುನಾಯಿ ಕೂಗಿತು: "ಮೀನು ಬಂತು!"

ಬಂಗುಡೆಯ ಹಿಂಡಿಗೆ ಹಿಂಡೇ ಬಲೆಗೆ ಬಿದ್ದಿತ್ತು. ಎಷ್ಟು ಎಳೆದರೂ ಬಲೆ ಬಾರದು, ಹಗ್ಗ ಜಾರತೊಡಗಿತು. ಕೊಂಬಿಗೆ ಹಗ್ಗ ಸುತ್ತಿಕೊಂಡಿದ್ದ ಆಡು ಬಂಡೆಯ ಕಡೆ ತಿರುಗಿ ಗದರಿತು: "ಕಂಬದ ಹಾಗೆ ಎಂತ ನಿಂತದ್ದು? ಹಿಡಿಯಿರಿ!"

ರಾಜಧಾನಿಯಲ್ಲಿ ಕೊಕ್ಕರೆಯನ್ನು ಯಾರೂ ಹೀಗೆ ಕರೆದಿರಲಿಲ್ಲ. ಅದು ಓಲೆ ಬಿಟ್ಟು ಹಾರಿ ಬಂದು ಹಗ್ಗ ಕಚ್ಚಿತು. ಐಸಾ ಎಂದು ಎಲ್ಲ ಸೇರಿ ಎಳೆದಾಗ ಬೆಳ್ಳಿಯ ರಾಶಿ ಮರಳಿಗೆ ಬಂದು ಬಿತ್ತು. ಪಾಲಾಯಿತು. ಕೊಕ್ಕರೆಯ ಮುಂದೆಯೂ ಒಂದು ಗುಡ್ಡೆ ಬಿತ್ತು.

ಉಬ್ಬರ ಇಳಿಯತೊಡಗಿದಾಗ ಆಡು ಕೊಕ್ಕರೆಯ ಬಳಿ ಹೋಯಿತು. ಈಗ ಅದಕ್ಕೆ ಹೆದರಿಕೆ ಇರಲಿಲ್ಲ.

"ಸ್ವಾಮಿ, ಆಜ್ಞೆ ಉಂಟಲ್ಲ. ಕೊನೆಗೆ ಬಂದವರು ಹೊರಡಬೇಕಲ್ಲವಾ?"

ಏಡಿ ಕೊಕ್ಕರೆಯನ್ನು ನೋಡಿತು. ಕಾಗೆ ನೋಡಿತು. ಆಗಷ್ಟೇ ಬಂದು ಮುಟ್ಟಿದ ಆಮೆಯೂ ಕತ್ತು ಹೊರಹಾಕಿ ನೋಡಿತು.

ಕೊಕ್ಕರೆ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿತು.

"ಯಾವ ಆಜ್ಞೆ ಮಾರಾಯ್ರೆ?" ಎಂದಿತು. "ಅದಿರಲಿ, ನನ್ನ ಪಾಲಲ್ಲಿ ಒಂದು ಬಂಗುಡೆ ಕಮ್ಮಿ ಉಂಟಲ್ಲ, ಅದನ್ನು ಕಬಳಿಸಿದ್ದು ಯಾರು?"